ಬಡವರ ಬ್ಯಾಂಕರ್ ಜಿಯಾನಿನಿ

ಆಪತ್ತಿಗಾದವನೇ ನೆಂಟ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಆದರೆ ಬ್ಯಾಂಕೊಂದು ಆಪತ್ತಿಗೆ ನೆಂಟನಾದುದು ಅಪರೂಪ. ಉಳ್ಳವನಿಗೆ ಸಾಲ ಹುಟ್ಟುವುದೂ ಇಲ್ಲದವನಿಗೆ ಹುಟ್ಟದಿರುವುದೂ ಲೋಕರೂಢಿಯಾಗಿದೆ. ಈ ರೂಢಿಯನ್ನು ಮುರಿದು, ಊರಿಗೆ ಊರೇ ಬೆಂದುಹೋದ ಸಮಯದಲ್ಲಿ ಚಿಕ್ಕಪುಟ್ಟ ವ್ಯಾಪಾರಿಗಳ ಕೈಗೆ ಬಂಡವಾಳವನ್ನಿತ್ತವನು ಅಮೆರಿಕದ ಅಮಾಡಿಯೊ ಪೀಟರ್ ಜಿಯಾನಿನಿ.

ಜಿಯಾನಿನಿಯು 1870ನೆಯ ಇಸವಿ ಮೇ 6ರಂದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಜನಿಸಿದನು. ತಂದೆತಾಯಿಗಳು ಇಟಲಿಯಿಂದ ಹೊಟ್ಟೆಪಾಡಿಗಾಗಿ ಬಂದವರು. ಇವನು ಇನ್ನೂ ಆರೇಳು ವರ್ಷದ ಬಾಲಕನಾಗಿದ್ದಾಗಲೇ, ಒಂದು ಡಾಲರಿನ ಜಗಳದಲ್ಲಿ ಕೂಲಿಯಾಳೊಬ್ಬನು ತಂದೆಯನ್ನು ಕೊಂದನು. ತಾಯಿಯು ಮುಂದೆ ಲೊರೆಂಜೊ ಸ್ಕಟೇನ ಎಂಬವನನ್ನು ಮದುವೆಯಾದಳು. ಗಾಡಿ ಹೊಡೆಯುತ್ತಿದ್ದ ಈ ಮಲತಂದೆಯು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಹಣ್ಣು ತರಕಾರಿಗಳ ಮಂಡಿಯನ್ನು ತೆರೆದನು. ಹುಡುಗನು ಹದಿನೈದರ ಹೊತ್ತಿಗೆ ಶಾಲೆಯನ್ನು ಬಿಟ್ಟು ಮಂಡಿಯನ್ನು ಸೇರಿದನು, ಹತ್ತೊಂಬತ್ತಕ್ಕೆ ಪಾಲುದಾರನಾದನು. ರೈತರ ಹೊಲಗಳಿಗೆ ತಾನೇ ಹೋಗಿ ಮಾಲನ್ನು ಗೊತ್ತುಮಾಡುವುದು ಅವನ ಕೆಲಸ. ಯಾರು ದುಡಿಯುವವರು, ಯಾರ ಮಾತು ನಿಲ್ಲುತ್ತದೆ ಎಂಬ ವಿದ್ಯೆಯನ್ನು ಅವನು ಕಲಿತದ್ದು ಇಲ್ಲಿ.

1902ರಲ್ಲಿ ಮಾವನು ತೀರಿಕೊಂಡನು. ಅವನ ಆಸ್ತಿಯ ಮೇಲ್ವಿಚಾರಣೆಯ ಜೊತೆಗೆ ಚಿಕ್ಕ ಬ್ಯಾಂಕೊಂದರ ನಿರ್ದೇಶಕ ಸ್ಥಾನವೂ ಜಿಯಾನಿನಿಗೆ ಬಂದಿತು. ಬಡ ವಲಸೆಗಾರರಿಗೂ ಸಾಲ ಕೊಡಬೇಕೆಂದು ಅವನು ವಾದಿಸಿದನು; ಉಳಿದವರು ಒಪ್ಪಲಿಲ್ಲ. ಅಲ್ಲಿಂದ ಹೊರಬಂದು, 1904ರ ಅಕ್ಟೋಬರ್ 17ರಂದು ನಾರ್ತ್ ಬೀಚ್ ಎಂಬ ಇಟಾಲಿಯನರ ಬಡಾವಣೆಯಲ್ಲಿ 'ಬ್ಯಾಂಕ್ ಆಫ್ ಇಟಲಿ'ಯನ್ನು ಸ್ಥಾಪಿಸಿದನು. ಮೊದಲು ಹೆಂಡದಂಗಡಿಯಾಗಿದ್ದ ಕಟ್ಟಡವೇ ಬ್ಯಾಂಕಾಯಿತು. ಹಣವನ್ನು ಹಾಸಿಗೆಯಡಿಯಲ್ಲಿ ಬಚ್ಚಿಡುತ್ತಿದ್ದ ಜನರನ್ನು ಅವನು ಬೀದಿ ಬೀದಿಯಲ್ಲಿ ಮಾತನಾಡಿಸಿ ಕರೆತಂದನು.

ಬ್ಯಾಂಕಿಗೆ ಎರಡು ವರ್ಷ ತುಂಬುವ ಮೊದಲೇ ಪರೀಕ್ಷೆಯ ಕಾಲ ಬಂದಿತು. 1906ರ ಏಪ್ರಿಲ್ 18ರಂದು ಮುಂಜಾನೆ ಐದು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಭೂಮಿ ನಡುಗಿತು. ನೀರಿನ ಕೊಳವೆಗಳು ಒಡೆದುದರಿಂದ ಬೆಂಕಿಯನ್ನು ಆರಿಸಲಾಗಲಿಲ್ಲ. ನಗರವು ಮೂರು ದಿನಕ್ಕೂ ಮೀರಿ ಉರಿಯಿತು. ಸುಮಾರು 28,000 ಕಟ್ಟಡಗಳು ನಾಶವಾದವು. ನಾಲ್ಕು ಲಕ್ಷ ಜನರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ನಿರ್ವಸತಿಕರಾದರು. ಸತ್ತವರು ಮೂರು ಸಾವಿರಕ್ಕೂ ಮಿಕ್ಕಿದ್ದರೆಂದು ಎಣಿಕೆ. ಹದಿನೇಳು ಮೈಲಿ ದೂರದ ಸ್ಯಾನ್ ಮಟೇಯೊದಲ್ಲಿದ್ದ ಜಿಯಾನಿನಿಯು ದಾರಿಯ ಬಹುಭಾಗವನ್ನು ನಡೆದೇ ಮಧ್ಯಾಹ್ನದ ವೇಳೆಗೆ ಬ್ಯಾಂಕನ್ನು ತಲುಪಿದನು. ಬೆಂಕಿ ಸಮೀಪಿಸುತ್ತಿದ್ದಿತು. ಮಂಡಿಯ ಎರಡು ತರಕಾರಿ ಗಾಡಿಗಳನ್ನು ತರಿಸಿ, ಸುಮಾರು 80,000 ಡಾಲರುಗಳ ಚಿನ್ನ ಬೆಳ್ಳಿ ನೋಟುಗಳನ್ನು ಹೇರಿ, ಕಳ್ಳರ ಕಣ್ಣಿಗೆ ಬೀಳದಂತೆ ಮೇಲೆ ಕಿತ್ತಳೆಯ ಪೆಟ್ಟಿಗೆಗಳನ್ನಿಟ್ಟು, ರಾತ್ರಿಯ ಕತ್ತಲೆಯಲ್ಲಿ ಮನೆಗೆ ಸಾಗಿಸಿದನು. ಆ ನೋಟುಗಳಿಗೆ ಎಷ್ಟೋ ದಿನ ಕಿತ್ತಳೆಯ ವಾಸನೆಯಿದ್ದಿತೆಂದು ಹೇಳುತ್ತಾರೆ.

ಉಳಿದ ಬ್ಯಾಂಕುಗಳ ಹಣವು ನೆಲಮಾಳಿಗೆಯ ಕಬ್ಬಿಣದ ಕೋಣೆಗಳಲ್ಲಿ ಸಿಕ್ಕಿಕೊಂಡಿದ್ದಿತು. ಕಾದ ಕೋಣೆಯ ಬಾಗಿಲನ್ನು ತೆರೆದರೆ ಗಾಳಿ ತಾಗಿದೊಡನೆ ಕಾಗದವೆಲ್ಲ ಹೊತ್ತಿಕೊಳ್ಳುವ ಭಯ. ಆದುದರಿಂದ ಕೆಲವು ತಿಂಗಳು ವ್ಯವಹಾರವನ್ನೇ ನಿಲ್ಲಿಸಬೇಕೆಂದು ದೊಡ್ಡ ಬ್ಯಾಂಕುಗಳವರು ಆಲೋಚಿಸಿದರು. ಜಿಯಾನಿನಿಯು ಇದನ್ನು ವಿರೋಧಿಸಿದನು. ಅಷ್ಟು ದಿನ ಕಾಯುವ ಶಕ್ತಿ ದೊಡ್ಡ ವರ್ತಕನಿಗೆ ಇದ್ದೀತು. ಮೀನು ಮಾರುವವನಿಗೆ, ರೊಟ್ಟಿ ಸುಡುವವನಿಗೆ ಎಲ್ಲಿಂದ ಬರಬೇಕು? ಅವನು ಹಡಗುಕಟ್ಟೆಗೆ ಹೋಗಿ, ಎರಡು ಪೀಪಾಯಿಗಳ ಮೇಲೆ ಒಂದು ಹಲಗೆಯನ್ನು ಹಾಸಿ, ಅದನ್ನೇ ಬ್ಯಾಂಕು ಮಾಡಿಕೊಂಡು ಕುಳಿತನು.

ಅಲ್ಲಿ ನಡೆದ ವ್ಯವಹಾರವು ಗಮನಿಸತಕ್ಕದ್ದು. ಬಂದವರ ಪತ್ರಗಳೆಲ್ಲ ಸುಟ್ಟುಹೋಗಿದ್ದವು. ಒತ್ತೆಯಿಡಲು ಏನೂ ಇರಲಿಲ್ಲ. ಆದರೆ ಅವರಲ್ಲಿ ಅನೇಕರ ಮುಖವನ್ನೂ ನಡತೆಯನ್ನೂ ಅವನು ಬಲ್ಲವನಾಗಿದ್ದನು. ಒಂದು ಸಹಿಯ ಮೇಲೆ ಸಾಲ ಕೊಟ್ಟನು. ಆದರೂ ಕೇಳಿದಷ್ಟನ್ನು ಕೊಡಲಿಲ್ಲ. ಅರ್ಧವನ್ನು ಕೊಟ್ಟು, ಮಿಕ್ಕರ್ಧವನ್ನು ನೀವೇ ಹೊಂದಿಸಿಕೊಳ್ಳಿರೆಂದನು. ಇದರಿಂದ ಇದ್ದ ಅಲ್ಪ ಹಣ ಹೆಚ್ಚು ಜನರಿಗೆ ಒದಗಿತು. ಮನೆಗಳಲ್ಲಿ ಹುದುಗಿದ್ದ ನಾಣ್ಯಗಳೂ ಹೊರಬಂದವು. ಹಡಗಿನ ಕಪ್ತಾನರಿಗೂ ಹಣವನ್ನು ಕೊಟ್ಟು ಉತ್ತರದ ಕರಾವಳಿಯಿಂದ ಮರಮುಟ್ಟನ್ನು ತರಿಸಿದನು. ನಗರದಲ್ಲಿ ಬೇಗನೆ ತಲೆಯೆತ್ತಿದ ಬಡಾವಣೆಗಳಲ್ಲಿ ನಾರ್ತ್ ಬೀಚ್ ಒಂದು.

ಇದು ದಾನವಲ್ಲ, ಸಾಲ, ಬಡ್ಡಿಯೂ ಇದ್ದಿತು. ಆದರೆ ದಾನ ತೆಗೆದುಕೊಂಡವನು ತಲೆ ತಗ್ಗಿಸುತ್ತಾನೆ. ಸಾಲ ತೀರಿಸಿದವನು ತಲೆಯೆತ್ತಿ ನಡೆಯುತ್ತಾನೆ. ಹೊತ್ತಿಗೊದಗಿದ ಹತ್ತು ರೂಪಾಯಿಯ ಮುಂದೆ ಹೊತ್ತು ಮೀರಿದ ನೂರು ರೂಪಾಯಿ ಏನೂ ಅಲ್ಲ ಎಂಬುದನ್ನು ಜಿಯಾನಿನಿ ಅರಿತಿದ್ದನು.

ಮುಂದಿನ ಕಥೆ ಬೆಳವಣಿಗೆಯದು. 1909ರಲ್ಲಿ ಹುಟ್ಟೂರಿನಲ್ಲಿ ಶಾಖೆ ತೆರೆಯಿತು. 1930ರಲ್ಲಿ ಬ್ಯಾಂಕಿಗೆ 'ಬ್ಯಾಂಕ್ ಆಫ್ ಅಮೆರಿಕ' ಎಂಬ ಹೆಸರಾಯಿತು. ಬೆಳೆದ ಸಂಸ್ಥೆಗೆ ಎಲ್ಲರ ಮುಖ ಪರಿಚಯ ಉಳಿಯುವುದು ಕಷ್ಟ. 1930ರ ದಶಕದ ಮುಗ್ಗಟ್ಟಿನಲ್ಲಿ ಸಾಲ ತೀರಿಸಲಾರದ ಅನೇಕ ರೈತರ ಭೂಮಿಯು ಅವನ ಸಂಸ್ಥೆಗಳ ವಶವಾದುದನ್ನೂ ಮರೆಯುವಂತಿಲ್ಲ. 1949ರ ಜೂನ್ 3ರಂದು ಅವನು ತೀರಿಕೊಂಡಾಗ ಅದು ಜಗತ್ತಿನ ಅತಿ ದೊಡ್ಡ ಖಾಸಗಿ ಬ್ಯಾಂಕಾಗಿದ್ದಿತು; ಅವನ ಸ್ವಂತ ಆಸ್ತಿ ಮಾತ್ರ ಐದು ಲಕ್ಷ ಡಾಲರನ್ನೂ ಮುಟ್ಟಿರಲಿಲ್ಲ.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಓದು ಕಾಣದ ಮನೆಗಳಿಂದ ಬಂದವರು. ಸಂತೆಯಲ್ಲಿ ಬುಟ್ಟಿಯಿಟ್ಟು ಮಾರುವ ಹೆಂಗಸು ಬೆಳಗಿನ ಕೈಸಾಲವನ್ನು ಸಂಜೆಗೆ ಬಡ್ಡಿ ಸಹಿತ ತೀರಿಸುವುದನ್ನು ಕಂಡವರು. ನಾಳೆ ನಮ್ಮಲ್ಲಿಯೇ ಕೆಲವರು ಬ್ಯಾಂಕಿನ ಅಥವಾ ಸರ್ಕಾರದ ಮೇಜಿನ ಹಿಂದೆ ಕುಳಿತುಕೊಳ್ಳುವೆವು. ನೆರೆಯಲ್ಲಿ ಅಂಗಡಿ ಕೊಚ್ಚಿಹೋದವನೊಬ್ಬನು ಬರಿಗೈಯಲ್ಲಿ ಎದುರು ಬಂದು ನಿಂತಾಗ, ಅವನಲ್ಲಿ ಇಲ್ಲದ ಕಾಗದವನ್ನಷ್ಟೇ ಕೇಳದೆ, ಅವನ ದುಡಿಮೆಯನ್ನೂ ವಿಚಾರಿಸುವ ಮನಸ್ಸು ನಮಗೆ ಬರಲಿ. ಜಿಯಾನಿನಿಯ ಹಲಗೆಯ ಬ್ಯಾಂಕು ಕಲಿಸುವ ಪಾಠ ಇಷ್ಟೇ.