ದಡ್ಡರ ಪಟ್ಟಿಯನ್ನು ಮತ್ತೆ ಓದಿದ ವೈದ್ಯ: ಸ್ಯಾಮ್ಯುಯೆಲ್ ಆರ್ಟನ್

ಕಲಿಕಾ ನ್ಯೂನತೆಯ ಪಾಠ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಆರ್ಟನ್–ಗಿಲ್ಲಿಂಗ್‌ಹ್ಯಾಮ್ ವಿಧಾನ ಎಂಬ ಹೆಸರನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಆ ಹೆಸರಿನ ಹಿಂದಿರುವ ವ್ಯಕ್ತಿಯ ಬದುಕು ತಿಳಿದರೆ ಬೋಧನಾಭ್ಯಾಸಕ್ಕೆ ಇನ್ನೂ ಹೆಚ್ಚಿನ ಉಪಯೋಗವಿದೆ. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಶಾಲೆಗಳಿಗೆ ಪಾಠ ಮಾಡಲು ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಇದನ್ನು ಬರೆಯುತ್ತಿದ್ದೇನೆ.

ಸ್ಯಾಮ್ಯುಯೆಲ್ ಟೋರಿ ಆರ್ಟನ್ ಹುಟ್ಟಿದ್ದು 1879ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ. ತಂದೆ ಭೂವಿಜ್ಞಾನಿ, ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರು. ಮಗ 1905ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಮೊದಲಿಗೆ ಅವರ ಕೆಲಸ ಮಕ್ಕಳ ನಡುವೆ ಇರಲಿಲ್ಲ. ಸತ್ತವರ ಮಿದುಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ರೋಗಶಾಸ್ತ್ರಜ್ಞರಾಗಿದ್ದರು. 1919ರಲ್ಲಿ ಅಯೋವಾ ರಾಜ್ಯದ ಹೊಸ ಮನೋವೈದ್ಯ ಆಸ್ಪತ್ರೆಗೆ ನಿರ್ದೇಶಕರಾದರು.

ಓದಲಾಗದ ಜಾಣ ಮಕ್ಕಳ ವಿಷಯ ಆಗ ಪೂರ್ತಿ ಹೊಸದೇನಲ್ಲ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಅಂಥ ಹುಡುಗನೊಬ್ಬನ ಬಗ್ಗೆ ಬರೆದಿದ್ದರು. ಗ್ಲಾಸ್ಗೋದ ಕಣ್ಣಿನ ವೈದ್ಯ ಜೇಮ್ಸ್ ಹಿನ್ಷೆಲ್‌ವುಡ್ ಇದನ್ನು ಹುಟ್ಟಿನಿಂದ ಬಂದ ಪದಾಂಧತೆ ಎಂದು ಕರೆದು, 1917ರಲ್ಲಿ ಪುಸ್ತಕವನ್ನೇ ಬರೆದರು. ಆದರೆ ಇದು ಎಲ್ಲೋ ಅಪರೂಪಕ್ಕೆ ಕಾಣುವ ವಿಚಿತ್ರ ಎಂಬ ಭಾವನೆಯೇ ಉಳಿದಿತ್ತು.

1925ರ ಜನವರಿಯಲ್ಲಿ ಆರ್ಟನ್ ತಮ್ಮ ತಂಡದೊಡನೆ ಅಯೋವಾದ ಗ್ರೀನ್ ಕೌಂಟಿ ಎಂಬ ಹಳ್ಳಿಗಾಡಿಗೆ ಸಂಚಾರಿ ಚಿಕಿತ್ಸಾಲಯ ಒಯ್ದರು. ಮಂದಬುದ್ಧಿಯವರು, ಪಾಠದಲ್ಲಿ ಹಿಂದುಳಿದವರು ಎಂದು ತೋರುವ ಮಕ್ಕಳನ್ನು ಕಳಿಸುವಂತೆ ಅಲ್ಲಿನ ಶಿಕ್ಷಕರನ್ನು ಕೇಳಲಾಯಿತು. ಹಾಗೆ ಬಂದವರಲ್ಲಿ 16 ವರ್ಷದ ಒಬ್ಬ ಹುಡುಗನಿದ್ದ. ವರ್ಷಗಟ್ಟಲೆ ಶಾಲೆಗೆ ಹೋದರೂ ಓದು ಹತ್ತಿರಲಿಲ್ಲ. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಬಂದ ಅಂಕ 71. ಆದರೆ ಯಂತ್ರಗಳ ವಿಷಯ ಎತ್ತಿದಾಗ ಚುರುಕಾಗಿ ಉತ್ತರ ಕೊಟ್ಟ. ಆ ಅಂಕ ಹುಡುಗನ ನಿಜವಾದ ಶಕ್ತಿಯನ್ನು ಹೇಳುವುದಿಲ್ಲ ಎಂದು ಆರ್ಟನ್ ತೀರ್ಮಾನಿಸಿದರು. ಅಂಕವನ್ನು ಬದಿಗಿಟ್ಟು ಅವನ ತಪ್ಪುಗಳನ್ನೇ ಒಂದೊಂದಾಗಿ ಬರೆದುಕೊಂಡರು. ಯಾವ ಅಕ್ಷರ ತಿರುಗಿತು, ಯಾವ ಪದ ಹಿಂದುಮುಂದಾಯಿತು, ಕನ್ನಡಿಯಲ್ಲಿ ಹಿಡಿದರೆ ಓದುತ್ತಾನೆಯೇ ಎಂದು ನೋಡಿದರು. ಅದೇ ಪಟ್ಟಿಯಲ್ಲಿ ಇಂಥ ಇನ್ನೂ ಹಲವು ಮಕ್ಕಳು ಸಿಕ್ಕರು. ಅದೇ ವರ್ಷ ಪ್ರಕಟವಾದ ಅವರ ಲೇಖನ, ಈ ತೊಂದರೆ ಅಪರೂಪದ್ದಲ್ಲ ಎಂದು ಸಾರಿತು.

ಕಾರಣವನ್ನು ಅವರು ಹೀಗೆ ವಿವರಿಸಿದರು: ಮಿದುಳಿನ ಒಂದು ಅರ್ಧಗೋಳ ಭಾಷೆಯ ಮೇಲೆ ಪೂರ್ತಿ ಹಿಡಿತ ಪಡೆಯದಿದ್ದರೆ, ಇನ್ನೊಂದರಲ್ಲಿರುವ ಕನ್ನಡಿ ಬಿಂಬಗಳು ಅಡ್ಡ ಬರುತ್ತವೆ. ಇದಕ್ಕೆ ಅವರೇ ತಿರುಚಿದ ಸಂಕೇತ ಎಂಬ ಅರ್ಥದ ಹೆಸರನ್ನೂ ಕಟ್ಟಿದರು. ಮುಂದಿನ ಸಂಶೋಧನೆ ಈ ವಿವರಣೆಯನ್ನು ಒಪ್ಪಲಿಲ್ಲ. ಓದು ಕಲಿಯುವ ಎಳೆಯರೆಲ್ಲ ಅಕ್ಷರ ತಿರುಗಿಸುತ್ತಾರೆ. ಬಹುಪಾಲು ಮಕ್ಕಳಲ್ಲಿ ತೊಡಕಿರುವುದು ಮಾತಿನ ಧ್ವನಿಗಳನ್ನು ಬಿಡಿಸಿ, ಅಕ್ಷರದೊಡನೆ ಹೊಂದಿಸುವಲ್ಲಿ.

ಸಿದ್ಧಾಂತ ಬಿದ್ದರೂ ಚಿಕಿತ್ಸೆ ಉಳಿಯಿತು. 1928ರ ಹೊತ್ತಿಗೆ ನ್ಯೂಯಾರ್ಕಿಗೆ ಬಂದ ಆರ್ಟನ್ ಅವರೊಡನೆ ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಅನುಭವಿ ಶಿಕ್ಷಕಿ ಸೇರಿದರು. ಅಕ್ಷರವನ್ನು ನೋಡುವುದು, ಧ್ವನಿಯನ್ನು ಕೇಳುವುದು, ಬಾಯಿಬಿಟ್ಟು ಹೇಳುವುದು, ಬೆರಳಿನಿಂದ ತಿದ್ದುವುದು ಇವು ನಾಲ್ಕೂ ಒಟ್ಟಿಗೆ ನಡೆಯಬೇಕು. ಒಂದು ಗಟ್ಟಿಯಾದ ಮೇಲೆಯೇ ಮುಂದಿನದು. ಈ ಕ್ರಮವನ್ನು ಗಿಲ್ಲಿಂಗ್‌ಹ್ಯಾಮ್ ಮತ್ತು ಅವರ ಸಹೋದ್ಯೋಗಿ ಬೆಸ್ಸಿ ಸ್ಟಿಲ್‌ಮನ್ ಶಿಕ್ಷಕರ ಕೈಪಿಡಿಯಾಗಿ ಬರೆದರು. ಆರ್ಟನ್ ಅವರ 1937ರ ಪುಸ್ತಕ ಓದು, ಬರಹಗಳ ಜೊತೆಗೆ ಉಗ್ಗು ಮತ್ತು ತಡವಾಗಿ ಬರುವ ಮಾತನ್ನೂ ಒಂದೇ ಕುಟುಂಬದ ತೊಂದರೆಗಳೆಂದು ನೋಡಿತು. ಅವರು 1948ರಲ್ಲಿ ತೀರಿಕೊಂಡರು. ಮರುವರ್ಷ ಅವರ ಹೆಸರಿನಲ್ಲಿ ಸಂಘವೊಂದು ಹುಟ್ಟಿತು.

ಈಗ ನಮ್ಮ ತರಗತಿಗೆ ಬರೋಣ. ಆರ್ಟನ್ ಕಂಡ ಇಂಗ್ಲಿಷಿನ ತಿರುಗುಮುರುಗು ಅಕ್ಷರಗಳು ಕನ್ನಡದಲ್ಲಿ ಹೆಚ್ಚಿಲ್ಲ. ನಮ್ಮ ಮಕ್ಕಳ ತೊಡಕುಗಳು ಬೇರೆ. ಅಕ್ಕ ಎಂಬುದು ಅಕ ಆಗುತ್ತದೆ, ಕಿ–ಕೀ ಒಂದಾಗುತ್ತವೆ, ಮ ಮತ್ತು ವು ಅದಲುಬದಲಾಗುತ್ತವೆ. ಅರ್ಕಾವೊತ್ತನ್ನು ಮೊದಲು ಉಚ್ಚರಿಸಿದರೂ ಬರೆಯುವುದು ಆಮೇಲೆ. ಹಾಗಾಗಿ ಕರ್ಮ ಎಂಬುದು ಕಮರ ಆಗುತ್ತದೆ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಇವು ಗಟ್ಟಿಯಾಗಲು ಸಾಮಾನ್ಯ ಮಗುವಿಗೂ ಕೆಲವು ವರ್ಷ ಬೇಕು. ಎರಡನೇ ತರಗತಿಯ ತಡವರಿಕೆಯನ್ನು ಕಂಡ ಕೂಡಲೇ ನ್ಯೂನತೆ ಎನ್ನಬಾರದು.

ಬೆಟ್ಟದ ಶಾಲೆಯಲ್ಲಿ ಇನ್ನೊಂದು ಎಚ್ಚರ ಬೇಕು. ಪೋಡಿನಿಂದ ಬರುವ ಸೋಲಿಗರ ಮಗುವಿನ ಮನೆಮಾತು ಪಠ್ಯಪುಸ್ತಕದ ಕನ್ನಡವಲ್ಲ. ಹಾಲು ಎಂಬುದನ್ನು ಆಲು ಎಂದು ಓದಿದ ಮಗು ಅಕ್ಷರವನ್ನು ಗುರುತಿಸಿದೆ, ತನ್ನೂರಿನ ಉಚ್ಚಾರದಲ್ಲಿ ಹೇಳಿದೆ ಅಷ್ಟೆ. ಅದು ಓದಿನ ದೋಷವಲ್ಲ. ಹಾಗೆಯೇ ಓದು ಬಾರದ್ದು ಬುದ್ಧಿ ಇಲ್ಲದ್ದಕ್ಕೆ ಗುರುತೂ ಅಲ್ಲ. ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಪರಂಪರೆ ಕೇಳಿ ಕಲಿತದ್ದು, ಓದಿ ಕಲಿತದ್ದಲ್ಲ.

ಹೀಗೆಲ್ಲ ನೋಡಿದ ಮೇಲೂ ತೊಡಕು ಬಿಡದಿದ್ದರೆ ಮಗುವನ್ನು ತಜ್ಞರಿಗೆ ತೋರಿಸಲೇಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಮಾತು ಮತ್ತು ಭಾಷೆಯ ನ್ಯೂನತೆಯನ್ನೂ ಗುರುತಿಸಿದೆ. ಆದರೆ ಮಗು ಅಲ್ಲಿಯವರೆಗೆ ತಲುಪಬೇಕಾದರೆ ತರಗತಿಯಲ್ಲಿ ಯಾರಾದರೂ ಅದರ ತೊಂದರೆಯನ್ನು ಮೊದಲು ಗಮನಿಸಿರಬೇಕು.

ಆದ್ದರಿಂದ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಚಿಕ್ಕದು. ಪಾಠಯೋಜನೆಯ ಪುಸ್ತಕದಲ್ಲಿ ಒಂದು ಪುಟ ಬಿಡಿ. ಹಿಂದಿನ ಬೆಂಚಿನ ಒಂದು ಮಗುವನ್ನು ಹತ್ತಿರ ಕೂರಿಸಿಕೊಂಡು ಓದಿಸಿ, ಅದು ಓದಿದ್ದನ್ನು ಓದಿದ ಹಾಗೆಯೇ ಬರೆದುಕೊಳ್ಳಿ. ವಾರಕ್ಕೊಮ್ಮೆ ಹೋಲಿಸಿ ನೋಡಿ. ಪರಿಹಾರ ಬೋಧನೆಯನ್ನು ಆ ಪುಟದಿಂದಲೇ ಹೊರಡಿಸಿ. ನಿಮ್ಮ ಅವಧಿ ಮುಗಿದಾಗ ಆ ಪುಟವನ್ನು ತರಗತಿಯ ಶಿಕ್ಷಕರ ಕೈಗೆ ಕೊಟ್ಟು ಬನ್ನಿ.