ಕೊಡಗಿನಲ್ಲಿ ಮೋಗ್ಲಿಂಗ್ ಪಾದ್ರಿಗಳು

ಕಾವೇರಿ ನದಿಯು ಕೊಡಗಿನ ಗುಡ್ಡಗಾಡನ್ನು ಬಿಟ್ಟು ಮೈಸೂರು ಸೀಮೆಯ ಬಯಲಿನ ಅಂಚನ್ನು ಮುಟ್ಟುವ ಸ್ಥಳದಲ್ಲಿ ನಮ್ಮ ಕುಶಾಲನಗರವಿರುತ್ತದೆ. ಮೈಸೂರಿನ ಕಡೆಯಿಂದ ಕೊಡಗಿಗೆ ಬರುವವರಿಗೆ ಇದೇ ತಲೆಬಾಗಿಲು. ೧೮೩೪ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಇಂಗ್ಲಿಷರ ದಂಡಿನ ಒಂದು ಭಾಗವು ಈ ನೆರೆಯಲ್ಲಿಯೇ ನದಿಯನ್ನು ದಾಟಿ ಮಡಿಕೇರಿಗೆ ಹೋಯಿತು. ಕೊಡಗಿನ ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನು ರಾಜ್ಯವನ್ನು ಕಳೆದುಕೊಂಡನು. ಕಂಪೆನಿಯ ಪರವಾಗಿ ದೇಶವನ್ನು ವಶಮಾಡಿಕೊಂಡ ಕರ್ನಲ್ ಫ್ರೇಸರ್ ದೊರೆಯ ಹೆಸರು ಈ ಊರಿಗೆ ಅಂಟಿಕೊಂಡು, ಬಹುಕಾಲ ಇದು ಫ್ರೇಸರ್‌ಪೇಟೆಯೆಂದು ಕರೆಯಲ್ಪಟ್ಟಿತು. ಮಡಿಕೇರಿಯಲ್ಲಿ ವರುಷಕ್ಕೆ ೧೨೦ ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯುವದು. ಇಲ್ಲಿ ಅದರ ಅರ್ಧವೂ ಇಲ್ಲ. ಆದದರಿಂದ ಮಳೆಗಾಲದಲ್ಲಿ ಕೊಡಗಿನ ದೊಡ್ಡ ಅಧಿಕಾರಿಗಳು ಮಡಿಕೇರಿಯಿಂದ ಇಳಿದು ಬಂದು ಇಲ್ಲಿ ವಾಸಮಾಡುವ ವಾಡಿಕೆಯಿತ್ತು.

ಹೀಗೆ ಕೊಡಗಿಗೆ ಬಂದ ಪರದೇಶಸ್ಥರಲ್ಲಿ ಕೆಲವರು ಆಳುವದಕ್ಕೆ ಬಂದರು. ೧೮೫೪ನೆಯ ಇಸವಿಯಲ್ಲಿ ಫೌಲರ್ ಎಂಬವರು ಮಡಿಕೇರಿಯ ಬಳಿಯಲ್ಲಿ ಯೂರೋಪಿಯನರ ಮೊದಲನೆಯ ಕಾಫಿ ತೋಟವನ್ನು ತೆರೆದ ಮೇಲೆ ಬೆಳೆಮಾಡಿ ಲಾಭಪಡೆಯುವದಕ್ಕೆ ಬಂದವರು ಹಲವರು. ಈ ಎರಡು ಕಾರಣಗಳೂ ಇಲ್ಲದೆ, ಒಬ್ಬ ಕೊಡವನ ಕರೆಗೆ ಓಗೊಟ್ಟು, ತಾನು ಮಾಡಿಕೊಂಡಿದ್ದ ಪ್ರಯಾಣದ ಏರ್ಪಾಡನ್ನು ಮುರಿದು ಬಂದವರು ಹೆರ್ಮನ್ ಮೋಗ್ಲಿಂಗ್ ಪಾದ್ರಿಗಳು. ಕನ್ನಡದ ಮೊದಲನೆಯ ವೃತ್ತಾಂತಪತ್ರಿಕೆಯನ್ನು ಹೊರಡಿಸಿದವರೆಂದು ಅವರ ಹೆಸರನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಅವರು ಕೊಡಗಿನಲ್ಲಿ ಕಳೆದ ವರುಷಗಳು ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಅವುಗಳನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರ ಮುಂದೆಯೂ ತಂದೆತಾಯಿಗಳ ಮುಂದೆಯೂ ಇಡುವದು ಉಚಿತವೆಂದು ನಾವು ಎಣಿಸಿದ್ದೇವೆ.

ಮೋಗ್ಲಿಂಗರು ೧೮೧೧ನೆಯ ಇಸವಿ ಮೇ ತಿಂಗಳ ೨೯ನೆಯ ತಾರೀಖಿನಲ್ಲಿ ಜರ್ಮನಿ ದೇಶದ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಓದಿ, ಬಾಸೆಲ್ ಮಿಶನನ್ನು ಸೇರಿ, ೧೮೩೬ನೆಯ ಇಸವಿಯ ಕೊನೆಯಲ್ಲಿ ಮಂಗಳೂರಿಗೆ ಬಂದರು. ಆ ಮಿಶನಿನ ಮೊದಲನೆಯ ಮೂವರು ಪಾದ್ರಿಗಳು ಅಲ್ಲಿಗೆ ಬಂದು ಆಗ ಎರಡೇ ವರುಷವಾಗಿತ್ತು. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅದಕ್ಕೆ ಮುಂಚೆ ಹುಟ್ಟೂರಿಗೆ ಬರೆದ ಕಾಗದಕ್ಕೆ ಉತ್ತರವು ಕೈಸೇರಬೇಕಾದರೆ ತಿಂಗಳುಗಳೇ ಹಿಡಿಯುತ್ತಿದ್ದವು. ತಾಯಿಗೆ ಕಾಯಿಲೆಯೆಂಬ ವಾರ್ತೆಯು ಬಂದು ಮುಟ್ಟುವಷ್ಟರಲ್ಲಿ ಆಕೆ ಗುಣಹೊಂದಿದಳೋ ಮಣ್ಣುಗೂಡಿದಳೋ ತಿಳಿಯದು. ಆ ಕಾಲದಲ್ಲಿ ಪರದೇಶವಾಸವೆಂದರೆ ಹೀಗಿತ್ತೆಂಬದನ್ನು ಇಂದಿನ ಮಕ್ಕಳು ನೆನಪಿನಲ್ಲಿಡತಕ್ಕದ್ದು.

ಮಂಗಳೂರಿನಲ್ಲಿ ಅವರು ಕನ್ನಡವನ್ನು ಪುಸ್ತಕದಿಂದ ಕಲಿತದ್ದಕ್ಕಿಂತಲೂ ಜನರ ಬಾಯಿಂದ ಕಲಿತದ್ದೇ ಹೆಚ್ಚು. ವಿದ್ಯಾರ್ಥಿಗಳ ಸಂಗಡ ಒಂದೇ ಮನೆಯಲ್ಲಿ ವಾಸಮಾಡಿದರು. ಗಾದೆಗಳನ್ನು ಕೇಳಿ ಕೇಳಿ ಬರೆದುಕೊಂಡು ಸಂಗ್ರಹಿಸಿದರು. ೧೮೪೩ನೆಯ ಇಸವಿ ಜುಲೈ ೧ನೆಯ ತಾರೀಖಿನಲ್ಲಿ ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದರು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾದ ನಾಲ್ಕು ಪುಟಗಳ ಪಕ್ಷಪತ್ರಿಕೆ. ಕಲ್ಲಚ್ಚಿಗೆ ಮೊಳೆಗಳು ಬೇಕಾಗಿರಲಿಲ್ಲ. ಜಿಡ್ಡಿನ ಶಾಯಿಯಿಂದ ಅಕ್ಷರಗಳನ್ನು ಕಾಗದದ ಮೇಲೆ ಬರೆದು, ಅವುಗಳನ್ನು ನುಣುಪಾದ ಕಲ್ಲಿನ ಮೇಲೆ ಒತ್ತಿ ಇಳಿಸಿ, ಕಲ್ಲನ್ನು ಒದ್ದೆಮಾಡಿ ಶಾಯಿಯನ್ನು ಸವರಿದರೆ, ಶಾಯಿಯು ನೀರಿದ್ದ ಕಡೆ ಹಿಡಿಯದೆ ಅಕ್ಷರವಿದ್ದ ಕಡೆ ಮಾತ್ರ ಹಿಡಿಯುವದು. ಹೀಗೆ ಮನುಷ್ಯನ ಕೈಬರಹವೇ ನೂರಾರು ಪ್ರತಿಗಳಾಗಿ ಊರೂರಿಗೆ ಹೋಯಿತು. ಊರಿನ ವರ್ತಮಾನ, ಸರಕಾರದ ಕಟ್ಟಳೆ, ಪರದೇಶದ ಸುದ್ದಿ ಇವುಗಳ ಜೊತೆಗೆ ದಾಸರ ಪದಗಳಿಗೂ ಅದರಲ್ಲಿ ಸ್ಥಳ ಸಿಕ್ಕಿತು. ಮರುವರುಷ ಪತ್ರಿಕೆಯು ಬಳ್ಳಾರಿಯಲ್ಲಿ ಮೊಳೆಯಚ್ಚಿನಿಂದ ಕನ್ನಡ ಸಮಾಚಾರವೆಂಬ ಹೆಸರಿನಲ್ಲಿ ಹೊರಟಿತು. ಜುಲೈ ೧ನೆಯ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆಯಾಗಿ ನಡಿಸುವದು ಈ ಕಾರಣದಿಂದಲೇ.

೧೮೪೪ನೆಯ ಇಸವಿಯಲ್ಲಿ ಅವರ ಶಿಷ್ಯನಾದ ಆನಂದರಾವ್ ಕೌಂಡಿನ್ಯನೆಂಬ ಬ್ರಾಹ್ಮಣ ಯುವಕನು ದೀಕ್ಷಾಸ್ನಾನ ಹೊಂದಿದಾಗ ಪಟ್ಟಣದಲ್ಲಿ ದೊಡ್ಡ ಗಲಭೆಯೆದ್ದಿತು. ಗುರುವಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯನೆನಿಸಿದ ಅವನು ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ಹಿಂದಿರುಗಿದನು. ೧೮೪೭ನೆಯ ಇಸವಿಯಲ್ಲಿ ಮೋಗ್ಲಿಂಗರು ಮಂಗಳೂರಿನಲ್ಲಿ ದೇವಶಾಸ್ತ್ರದ ಸೆಮಿನೆರಿಯನ್ನು ಸ್ಥಾಪಿಸಿದರು. ೧೮೪೮ರಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ, ಕಾಸಾಮೇಜರ್ ದೊರೆಗಳ ದ್ರವ್ಯಸಹಾಯದಿಂದ, ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ ಮೊದಲಾದ ಕಾವ್ಯಗಳನ್ನು ಮುದ್ರಿಸುವದಕ್ಕೆ ಕೈಯಿಟ್ಟರು. ೧೮೫೦ರಲ್ಲಿ ದಾಸರ ಪದಗಳ ಪುಸ್ತಕವು ಬಂತು. ಅವರ ದಾಯಾದಿಯೂ ಜೊತೆಗೆಲಸದವರೂ ಆದ ಗಾಟ್‌ಫ್ರೀಡ್ ವೈಗ್ಲೆ ಪಾದ್ರಿಗಳು ಈ ಕಾರ್ಯದಲ್ಲಿ ಹೆಗಲುಕೊಟ್ಟರು. ತಾಳೆಗರಿಯಲ್ಲಿಯೂ ಕಡತದಲ್ಲಿಯೂ ಇದ್ದ ಗ್ರಂಥಗಳು ಹೀಗೆ ಅಚ್ಚಿನ ಬೆಳಕನ್ನು ಕಂಡವು.

ಹದಿನಾರು ವರುಷಗಳ ಈ ದುಡಿತದಿಂದ ಅವರ ದೇಹವು ಕುಗ್ಗಿತು. ಯೂರೋಪಿಗೆ ಹಿಂದಿರುಗುವದೆಂದು ನಿಶ್ಚಯಿಸಿದರು. ಪ್ರಯಾಣದ ಸಿದ್ಧತೆ ನಡೆಯುತ್ತಿರುವಾಗ, ೧೮೫೨ನೆಯ ಇಸವಿಯ ಕೊನೆಯಲ್ಲಿ, ಅಲಮಂಡ ಮನೆತನದ ಸೋಮಯ್ಯನೆಂಬ ಕೊಡವನು ಮಂಗಳೂರಿಗೆ ಬಂದು ಅವರನ್ನು ಕಂಡನು. ಅವನು ಮನಶ್ಶಾಂತಿಯನ್ನು ಹುಡುಕುತ್ತಾ ಸನ್ಯಾಸಿಯಂತೆ ತಿರುಗಿದವನು. ತನಗೆ ಬೋಧಿಸಬೇಕೆಂದೂ ತನ್ನ ನಾಡಿಗೆ ಬರಬೇಕೆಂದೂ ಬೇಡಿಕೊಂಡನು. ಬಳಲಿದ ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೊತ್ತಲ್ಲದ ಹೊತ್ತಿನ ಅತಿಥಿಯು ಇರಲಾರನು. ಮೋಗ್ಲಿಂಗರು ಹಡಗಿನ ಕಡೆಗೆ ತಿರುಗಿಸಿದ್ದ ಮುಖವನ್ನು ಘಟ್ಟದ ಕಡೆಗೆ ತಿರುಗಿಸಿದರು. ೧೮೫೩ರಲ್ಲಿ ಸೋಮಯ್ಯನು ಸ್ತೆಫಾನನೆಂಬ ಹೆಸರಿನಿಂದ ದೀಕ್ಷಾಸ್ನಾನ ಹೊಂದಿದನು. ಪಾದ್ರಿಗಳು ಅವನ ಸಂಗಡ ಅಲಮಂಡಕ್ಕೆ ಹೋದರು.

ಆ ೧೮೫೨ನೆಯ ಇಸವಿಯಲ್ಲಿಯೇ ನಡೆದ ಇನ್ನೊಂದು ಸಂಗತಿಯನ್ನು ಹೆಣ್ಣುಮಕ್ಕಳ ಶಾಲೆಯವರಾದ ನಾವು ಇಲ್ಲಿ ಸ್ಮರಿಸದೆ ಇರಲಾರೆವು. ರಾಜ್ಯವನ್ನು ಕಳೆದುಕೊಂಡ ಚಿಕ್ಕವೀರರಾಜೇಂದ್ರನು ಕಾಶಿಯಲ್ಲಿ ಬಹುಕಾಲವಿದ್ದು, ಆ ವರುಷ ಲಂಡನಿಗೆ ಹೋದನು. ಅವನ ಮಗಳಾದ ಗೌರಮ್ಮನು, ಹನ್ನೊಂದು ವರುಷ ತುಂಬಲಿದ್ದ ಬಾಲೆ, ಜೂನ್ ೩೦ನೆಯ ತಾರೀಖಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯು ಧರ್ಮಮಾತೆಯಾಗಿ ನಿಂತಿರಲು ದೀಕ್ಷಾಸ್ನಾನ ಹೊಂದಿದಳು. ಆಕೆ ೧೮೬೪ರಲ್ಲಿ, ಚಿಕ್ಕ ವಯಸ್ಸಿನಲ್ಲಿಯೇ, ಆ ನಾಡಿನಲ್ಲಿ ತೀರಿಹೋದಳು. ಕೊಡಗಿನ ಮಗಳೊಬ್ಬಳು ಪರದೇಶದ ಅರಮನೆಯಲ್ಲಿ. ಪರದೇಶದ ಮಗನೊಬ್ಬನು ಕೊಡಗಿನ ಗದ್ದೆಯ ಬದುವಿನಲ್ಲಿ. ಬಾಲೆಯನ್ನು ಅಲ್ಲಿಗೆ ಒಯ್ದದ್ದು ಹಿರಿಯರ ಎಣಿಕೆ. ಪಾದ್ರಿಯು ತನ್ನ ಮನಸ್ಸಿನಿಂದಲೇ ಬಂದನು. ಈ ಭೇದವು ಚಿಕ್ಕದಲ್ಲ.

ಕೊಡಗಿನ ನಿತ್ಯಜೀವನವು ಸಮುದ್ರತೀರದಲ್ಲಿ ಬೆಳೆದ ಅಭ್ಯಾಸಗಳಿಗೆ ಒಗ್ಗುವಂಥದಾಗಿರಲಿಲ್ಲ. ಮಂಗಳೂರಿನಿಂದ ಮಡಿಕೇರಿಗೆ ಸುಮಾರು ೮೫ ಮೈಲು. ಆಗ ಮೋಟಾರಿಲ್ಲ, ರೈಲಿಲ್ಲ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಕಾಡುಜ್ವರದ ಭಯ. ಮಳೆ ಹಿಡಿದ ಮೇಲೆ ಜಿಗಣೆಗಳ ಕಾಟ. ಕಕ್ಕಡ ತಿಂಗಳಿನಲ್ಲಿ ಸೂರ್ಯದರ್ಶನವೇ ದುರ್ಲಭವಾಗಿ, ಬಟ್ಟೆಯೂ ಪುಸ್ತಕವೂ ಬೂಸಲು ಹಿಡಿಯುವದು. ಒಲೆಯ ಬಳಿಯೇ ಮನೆಯವರ ವಾಸ. ಕೊಡವರು ತಮ್ಮೊಳಗೆ ಕೊಡವ ಭಾಷೆಯನ್ನು ಆಡುವರು; ಅರಸರ ಕಾಲದಿಂದಲೂ ಬರವಣಿಗೆಗೆ ಮಾತ್ರ ಕನ್ನಡವೇ. ಐನ್‌ಮನೆಯಲ್ಲಿ ಒಂದೇ ಮನೆತನದ ಅನೇಕ ಸಂಸಾರಗಳು ಹಿರಿಯನ ಮಾತಿನಂತೆ ಒಟ್ಟಿಗೆ ನಡೆಯುವವು. ಇಂಥ ಮನೆಗೆ ಜರ್ಮನಿಯ ಒಬ್ಬ ಪಂಡಿತನು ಅತಿಥಿಯಾದನು. ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟನು. ಕೊಡಗಿನ ಚರಿತ್ರೆ, ಮನೆ, ಮದುವೆ, ಹಬ್ಬ ಇವುಗಳ ವಿವರವುಳ್ಳ ಅವರ ಇಂಗ್ಲಿಷ್ ಪುಸ್ತಕವು ೧೮೫೫ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ೧೮೫೭ರಲ್ಲಿ, ದೊಡ್ಡವೀರರಾಜೇಂದ್ರನ ಕಾಲದಲ್ಲಿ ಕನ್ನಡದಲ್ಲಿ ಬರೆಯಲ್ಪಟ್ಟ ಕೊಡಗರಸರ ಚರಿತ್ರೆಯಾದ ರಾಜೇಂದ್ರನಾಮೆಯನ್ನು ಮಂಗಳೂರಿನ ಛಾಪಖಾನೆಯಲ್ಲಿ ಮುದ್ರಿಸಿ ನಾಡವರ ಕೈಗಿತ್ತರು.

ಆದರೆ ಸೋಮಯ್ಯನ ಪಾಲಿಗೆ ಬಂದ ಕಷ್ಟವನ್ನು ಮರೆಮಾಡಿ ಪಾದ್ರಿಗಳ ಕೀರ್ತಿಯನ್ನು ಮಾತ್ರ ಹೇಳಿದರೆ ಚರಿತ್ರೆಯು ಅರ್ಧವಾಗುವದು. ಮೋಗ್ಲಿಂಗರಿಗೆ ಕೆಲಸ ಕೈಗೂಡದಿದ್ದರೆ ಹಿಂದಿರುಗುವದಕ್ಕೆ ಹುಟ್ಟೂರಿತ್ತು. ಸೋಮಯ್ಯನ ಹುಟ್ಟೂರು ಅಲ್ಲಿಯೇ ಇತ್ತು. ಅಲ್ಲಿಯೇ ಅವನು ಜಾತಿಯಿಂದ ಹೊರಗಾದನು. ಕೂಡಿ ಬೆಳೆದವರು ದೂರ ನಿಂತರು. ಕೊಡವರಲ್ಲಿ ಅವನ ಹಿಂದೆ ಬಂದವರು ಅತಿ ವಿರಳ. ತನ್ನ ನಾಡಿನಲ್ಲಿಯೇ ಪರದೇಶಸ್ಥನಾಗುವದು ಸಮುದ್ರವನ್ನು ದಾಟಿ ಬಂದು ಪರದೇಶಸ್ಥನಾಗುವದಕ್ಕಿಂತಲೂ ಕಠಿಣವೆಂದು ನಮಗೆ ತೋರುತ್ತದೆ.

ಪಾದ್ರಿಗಳು ನಿರೀಕ್ಷಿಸದೆ ಇದ್ದ ಸಂಗತಿಯೊಂದು ಆ ಮೇಲೆ ನಡೆಯಿತು. ಅವರ ಆಶೆಯೆಲ್ಲ ಕೊಡವ ಮನೆಗಳ ಮೇಲಿರಲಾಗಿ, ಕೇಳುವದಕ್ಕೆ ಬಂದವರು ಆ ಮನೆಗಳ ಗದ್ದೆಯಲ್ಲಿ ದುಡಿಯುವ, ಮುಟ್ಟಬಾರದವರೆಂದು ದೂರವಿಡಲ್ಪಟ್ಟ ಆಳುಗಳು. ೧೮೪೩ನೆಯ ಇಸವಿಯ ಕಾಯಿದೆಯಿಂದ ಗುಲಾಮಗಿರಿಯು ನ್ಯಾಯಸ್ಥಾನಗಳಲ್ಲಿ ಮಾನ್ಯವಾಗದೆ ಹೋಗಿದ್ದರೂ, ಭೂಮಿಯೊಡನೆ ಆಳುಗಳೂ ಸೇರಿರುವರೆಂಬ ಹಳೆಯ ರೂಢಿಯು ಅಷ್ಟು ಬೇಗ ಅಳಿಯಲಿಲ್ಲ. ಇಂಥವರಿಗಾಗಿ ಅಮ್ಮತ್ತಿಯ ಬಳಿಯಲ್ಲಿ ಆನಂದಪುರವೆಂಬ ಊರು ಹುಟ್ಟಿತು. ಕಾಡನ್ನು ಕಡಿದು ನೆಲವನ್ನು ಹದಮಾಡಿ ಗುಡಿಸಲು ಕಟ್ಟಿಕೊಂಡ ಆ ಸಂಸಾರಗಳಿಗೆ ನೆಲೆಯೊಂದು ಸಿಕ್ಕಿತು. ದೊಡ್ಡ ಬಾಗಿಲಿನ ಮುಂದೆ ಕಾದಿದ್ದ ಪಾದ್ರಿಗಳಿಗೆ ಹಿತ್ತಿಲಿನ ಬಾಗಿಲು ತೆರೆಯಿತು. ಅವರು ಆ ಬಾಗಿಲನ್ನು ಹೀನವೆಂದು ಎಣಿಸಲಿಲ್ಲ. ಇಂದಿಗೂ ಆನಂದಪುರವು ಅದೇ ಹೆಸರಿನಿಂದ ನಿಂತಿದೆ.

ಈ ವರುಷಗಳಲ್ಲಿ ಅವರ ಮನೆಯನ್ನು ನಡಿಸಿದ ಪೌಲಿನಾ ಅಮ್ಮನವರ ವಿಷಯದಲ್ಲಿ ಎರಡು ಮಾತು ಹೇಳುವದು ಅವಶ್ಯ. ಈಕೆ ಮೊದಲು ವೈಗ್ಲೆ ಪಾದ್ರಿಗಳ ಹೆಂಡತಿ. ೧೮೫೫ರಲ್ಲಿ ವೈಗ್ಲೆಯವರು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ತರುವಾಯ ಮೋಗ್ಲಿಂಗರು ಆಕೆಯನ್ನು ಮದುವೆಯಾದರು. ಒಂದು ಸಾರಿ ಈ ನಾಡಿನ ಮಣ್ಣಿಗೆ ಗಂಡನನ್ನು ಒಪ್ಪಿಸಿದ ಸ್ತ್ರೀಯು ತಿರಿಗಿ ಇದೇ ನಾಡಿನಲ್ಲಿ ಸಂಸಾರ ಹೂಡುವದಕ್ಕೆ ಎಂಥ ಧೈರ್ಯ ಬೇಕೆಂಬದನ್ನು ತಾಯಂದಿರು ತಾವೇ ಊಹಿಸಿಕೊಳ್ಳಬಹುದು. ಪುಸ್ತಕಗಳ ಮೇಲೆ ಆಕೆಯ ಹೆಸರಿಲ್ಲ. ಆಕೆಯ ದೇಹಸ್ಥಿತಿಯು ಕೆಟ್ಟದರಿಂದಲೇ ೧೮೬೦ರಲ್ಲಿ ಮೋಗ್ಲಿಂಗರು ಕೊಡಗನ್ನು ಬಿಟ್ಟು ಯೂರೋಪಿಗೆ ಹೊರಡಬೇಕಾಯಿತು. ತನ್ನ ಕಾಯಿಲೆಯ ನಿಮಿತ್ತ ನಿಲ್ಲಿಸಲೊಲ್ಲದ ಕೆಲಸವನ್ನು ಹೆಂಡತಿಯ ಕಾಯಿಲೆಯ ನಿಮಿತ್ತ ಬಿಟ್ಟುಹೋದದ್ದು ಅವರಿಗೆ ಅವಮಾನವಲ್ಲ, ಭೂಷಣವೇ ಸರಿ.

ಅದಕ್ಕೆ ಎರಡು ವರುಷ ಮುಂಚೆ, ೧೮೫೮ರಲ್ಲಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಕನ್ನಡಕ್ಕೆ ಅವರು ಮಾಡಿದ ಸೇವೆಯನ್ನು ಮೆಚ್ಚಿ ಡಾಕ್ಟರ್ ಬಿರುದನ್ನು ಕೊಟ್ಟಿತ್ತು. ಸ್ವದೇಶಕ್ಕೆ ಹೋದ ಮೇಲೆಯೂ ಅವರು ಈ ನಾಡನ್ನು ಮರೆಯಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ಪಂಡಿತರ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಡಗಿನ ವಿಷಯವಾದ ಜರ್ಮನ್ ಗ್ರಂಥವು ೧೮೬೬ರಲ್ಲಿ ಹೊರಟಿತು. ೧೮೮೧ನೆಯ ಇಸವಿ ಮೇ ತಿಂಗಳ ೧೦ನೆಯ ತಾರೀಖಿನಲ್ಲಿ ಎಸ್‌ಲಿಂಗೆನ್ ಪಟ್ಟಣದಲ್ಲಿ, ಎಪ್ಪತ್ತು ವರುಷ ತುಂಬುವದಕ್ಕೆ ಕೆಲವೇ ದಿವಸಗಳಿರುವಾಗ, ತೀರಿಹೋದರು. ಟ್ಯೂಬಿಂಗೆನಿನಿಂದ ಕೂಡಿದ್ದ ಅವರ ಸ್ನೇಹಿತರಾದ ಗುಂಡರ್ಟ್ ಪಂಡಿತರು ಅವರ ಜೀವನಚರಿತ್ರೆಯನ್ನು ಬರೆದರು. ಕನ್ನಡದ ಕೆಲಸವನ್ನು ಕಿಟೆಲ್ ಪಾದ್ರಿಗಳು ಮುಂದುವರಿಸಿ ೧೮೯೪ರಲ್ಲಿ ಮಹಾನಿಘಂಟನ್ನು ಕೊಟ್ಟರು. ಅವರೂ ಕೆಲವು ವರುಷ ಕೊಡಗಿನಲ್ಲಿ ವಾಸಮಾಡಿದವರೇ.

ಮೋಗ್ಲಿಂಗರು ದೋಷರಹಿತರೆಂದು ನಾವು ಹೇಳುವದಿಲ್ಲ. ಈ ನಾಡಿನ ಮತಗಳನ್ನು ಖಂಡಿಸಿ ಅವರು ಬರೆದ ಬರಹಗಳಲ್ಲಿ ಖಾರವಾದ ಮಾತುಗಳುಂಟು; ಅವು ಅನೇಕರ ಮನಸ್ಸನ್ನು ನೋಯಿಸಿದವು. ಆದರೂ ತಾನು ಒಪ್ಪದ ದೇವರನ್ನು ಹಾಡಿದ ದಾಸರ ಪದಗಳನ್ನು ಒಂದೊಂದಾಗಿ ಕೇಳಿ, ಬರೆದು, ಅಚ್ಚುಮಾಡಿ, ತನ್ನ ಜನರಿಗೂ ತಿಳಿಸಿದ ಮನುಷ್ಯನು ಆತನೇ. ಅವರು ಬಿತ್ತಬೇಕೆಂದಿದ್ದ ಹೊಲವು ಅವರು ಎಣಿಸಿದಂತೆ ಬೆಳೆಯಲಿಲ್ಲ. ನೆರೆಯವರ ಕಣಜದಿಂದ ಹೆಕ್ಕಿ ಕಾಪಾಡಿದ ಕಾಳುಗಳು ಇಂದಿಗೂ ಎಲ್ಲರಿಗೂ ಉಣಿಸುತ್ತಿವೆ. ಪರಸ್ಥಳದಲ್ಲಿ ಬಾಳುವವರು ಕಲಿಯತಕ್ಕ ಪಾಠವು ಇದರಲ್ಲಿದೆ. ಹೇಳುವದಕ್ಕೆ ಬಂದವನು ಮೊದಲು ಕೇಳುವದನ್ನು ಕಲಿತರೆ ಆ ಊರು ಅವನನ್ನು ತನ್ನವನೆಂದು ನೆನಸುವದು.

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಇಂದು ಮದುವೆಯಿಂದಲೂ ಉದ್ಯೋಗದಿಂದಲೂ ದೂರದ ಊರುಗಳಿಗೆ, ಸಮುದ್ರದಾಚೆಯ ದೇಶಗಳಿಗೆ ಹೋಗುತ್ತಾರೆ. ಅಲ್ಲಿ ಭಾಷೆ ಬೇರೆ, ಅಡಿಗೆ ಬೇರೆ, ಮಳೆಬಿಸಿಲು ಬೇರೆ. ಅಂಥವರು ನೆರೆಮನೆಯವರ ಗಾದೆಯನ್ನೂ ಹಾಡನ್ನೂ ಕಿವಿಗೊಟ್ಟು ಕಲಿಯಲಿ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದವರನ್ನು ಬೇಸರದಿಂದ ಕಳುಹಿಸದಿರಲಿ. ತಂದೆತಾಯಿಗಳು ಮಕ್ಕಳಿಗೆ ಬೇರೆ ಏನನ್ನು ಕಟ್ಟಿಕೊಟ್ಟರೂ ಈ ಬುತ್ತಿಯನ್ನು ಮರೆಯದೆ ಕಟ್ಟಿಕೊಡಲಿ ಎಂಬದೇ ನಮ್ಮ ಬಿನ್ನಹ.