ಹಿಮದ ನೆತ್ತಿಗೆ ಹಳಿ ಹಾಸಿದ ಸಾಹಸಿ: ಅಡಾಲ್ಫ್ ಗುಯರ್-ಜೆಲರ್

ಯುರೋಪಿನ ಸ್ವಿಟ್ಜರ್ಲೆಂಡ್ ಚಿಕ್ಕ ದೇಶವಾದರೂ ಅಲ್ಲಿನ ಆಲ್ಪ್ಸ್ ಪರ್ವತಗಳ ಕೀರ್ತಿ ದೊಡ್ಡದು. ಐಗರ್, ಮೋಂಖ್, ಯುಂಗ್‌ಫ್ರೌ ಎಂಬ ಮೂರು ಶಿಖರಗಳು ಅಲ್ಲಿ ಸಾಲಾಗಿ ನಿಂತಿವೆ. ಯುಂಗ್‌ಫ್ರೌ ಎಂದರೆ ಕನ್ಯೆ ಎಂದರ್ಥ. ಅದರ ಎತ್ತರ 4158 ಮೀಟರು. ಈ ಶಿಖರಕ್ಕೂ ಮೋಂಖ್ ಶಿಖರಕ್ಕೂ ನಡುವೆ ಇರುವ ತಗ್ಗಿಗೆ ಯುಂಗ್‌ಫ್ರೌಯೋಖ್ ಎಂದು ಹೆಸರು. ಅಲ್ಲಿ 3454 ಮೀಟರ್ ಎತ್ತರದಲ್ಲಿ ಒಂದು ರೈಲು ನಿಲ್ದಾಣವಿದೆ. ಯುರೋಪಿನಲ್ಲಿ ಇದಕ್ಕಿಂತ ಎತ್ತರದ ರೈಲು ನಿಲ್ದಾಣ ಬೇರೊಂದಿಲ್ಲ. ಬೇಸಗೆಯಲ್ಲೂ ಅಲ್ಲಿ ಹಿಮ ಕರಗದು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟಗಾರರು, 20 ಕಿಲೋಮೀಟರಿಗೂ ಉದ್ದವಾದ ಆಲೆಚ್ ಹಿಮನದಿಯನ್ನು ಕಣ್ತುಂಬ ನೋಡಬಯಸುವ ಮುದುಕರು, ಮಕ್ಕಳು ಎಲ್ಲರೂ ಕುಳಿತಲ್ಲಿಂದ ಏಳದೆ ಅಲ್ಲಿಗೆ ತಲುಪುತ್ತಾರೆ. ಇದನ್ನು ಸಾಧ್ಯವಾಗಿಸಿದ ಮಹನೀಯರ ಜೀವನವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡಲು ಬಯಸುತ್ತೇವೆ.

ಅಡಾಲ್ಫ್ ಗುಯರ್ ಅವರು 1839ನೆಯ ಇಸವಿಯಲ್ಲಿ ಜ್ಯೂರಿಚ್ ಪ್ರಾಂತದ ನಾಯ್‌ತಾಲ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆಗೆ ಹತ್ತಿ ನೂಲುವ ಗಿರಣಿಯಿತ್ತು. ಓದು ಮುಗಿಸಿದ ಮೇಲೆ ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳನ್ನು ಸುತ್ತಿ, ಅಲ್ಲಿನ ವ್ಯಾಪಾರ ವಹಿವಾಟುಗಳನ್ನು ಕಣ್ಣಾರೆ ಕಂಡು ಬಂದರು. ಮದುವೆಯಾದ ಬಳಿಕ, ಆ ದೇಶದ ರೂಢಿಯಂತೆ ಹೆಂಡತಿಯ ಮನೆತನದ ಹೆಸರನ್ನೂ ಸೇರಿಸಿಕೊಂಡು ಗುಯರ್-ಜೆಲರ್ ಎನಿಸಿದರು. ಗಿರಣಿಯ ಜೊತೆಗೆ ರೈಲ್ವೆಯ ವ್ಯವಹಾರದಲ್ಲೂ ತೊಡಗಿ, 1894ರಲ್ಲಿ ಸ್ವಿಸ್ ಈಶಾನ್ಯ ರೈಲ್ವೆಯ ಅಧ್ಯಕ್ಷರಾದರು. ಅದೇ ವರ್ಷ ಜ್ಯೂರಿಚ್‌ನಲ್ಲಿ ತಮ್ಮದೇ ಬ್ಯಾಂಕನ್ನೂ ತೆರೆದರು.

1893ರ ಆಗಸ್ಟ್ 27ರಂದು ಅವರು ಮಗಳೊಡನೆ ಮ್ಯೂರೆನ್ ಎಂಬ ಹಳ್ಳಿಯ ಮೇಲಿನ ಬೆಟ್ಟದಲ್ಲಿ ತಿರುಗಾಡುತ್ತಿದ್ದರು. ಎದುರಿಗೆ ಆ ಮೂರು ಶಿಖರಗಳು. ಅದೇ ವರ್ಷ ಕ್ಲೈನೆ ಶೈಡೆಗ್ ಎಂಬ 2061 ಮೀಟರ್ ಎತ್ತರದ ಸ್ಥಳಕ್ಕೆ ಬೇರೊಂದು ಕಂಪನಿಯ ರೈಲು ಬಂದಿತ್ತು. ಯುಂಗ್‌ಫ್ರೌಗೆ ರೈಲು ಹಾಕುವ ಯೋಜನೆಗಳನ್ನು ಅವರಿಗಿಂತ ಮೊದಲೇ ಕೆಲವು ಎಂಜಿನಿಯರರು ಮಾಡಿದ್ದುಂಟು. ಆದರೆ ಅವರೆಲ್ಲರೂ ಕಣಿವೆಯ ತಳದಿಂದಲೇ ಹೊರಡಬೇಕೆಂದಿದ್ದರು. ರೈಲು ಈಗಾಗಲೇ ಏರಿರುವ ಎತ್ತರದಿಂದ ಮುಂದುವರಿದರೆ ಅರ್ಧ ಕೆಲಸ ಉಳಿಯುತ್ತದೆಂಬುದು ಗುಯರ್-ಜೆಲರರಿಗೆ ಹೊಳೆಯಿತು. ಆ ರಾತ್ರಿಯೇ ಹನ್ನೊಂದು ಗಂಟೆಯಿಂದ ಒಂದೂವರೆಯವರೆಗೆ ಕುಳಿತು, ಐಗರ್ ಮತ್ತು ಮೋಂಖ್ ಬೆಟ್ಟಗಳ ಹೊಟ್ಟೆಯೊಳಗೆ ಸುರಂಗ ಹಾಯ್ದು ಹೋಗುವ ದಾರಿಯನ್ನು ಗೀಚಿದರು.

ಯೋಜನೆಗೆ ವಿರೋಧ ಬಾರದಿರಲಿಲ್ಲ. ಪರ್ವತದ ಪಾವಿತ್ರ್ಯ ಕೆಡುವುದೆಂದು ಕೆಲವರು ಮರುಗಿದರು. ಗಾಳಿ ತೆಳುವಾದ ಅಷ್ಟೆತ್ತರಕ್ಕೆ ಥಟ್ಟನೆ ಒಯ್ದರೆ ಜನರ ಆರೋಗ್ಯದ ಗತಿಯೇನೆಂದು ಸರಕಾರ ಕೇಳಿತು. ಬರ್ನ್ ನಗರದ ಪ್ರಾಧ್ಯಾಪಕ ಕ್ರೋನೆಕರ್ ಅವರು 1894ರಲ್ಲಿ ಏಳು ಜನರನ್ನು ಬ್ರೈಟ್‌ಹಾರ್ನ್ ಎಂಬ ಹಿಮಪರ್ವತಕ್ಕೆ ಹೊತ್ತೊಯ್ಯಿಸಿ ಅವರ ನಾಡಿ, ಉಸಿರಾಟಗಳನ್ನು ಪರೀಕ್ಷಿಸಿದರು. ಸುಮ್ಮನೆ ಕುಳಿತು ಹೋಗುವವರಿಗೆ ಅಪಾಯವಿಲ್ಲವೆಂದು ಕಂಡುಬಂತು. ಆ ವರ್ಷದ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು.

ಕೆಲಸ 1896ರಲ್ಲಿ ಆರಂಭವಾಯಿತು. ಸುರಂಗದಲ್ಲಿ ಹೊಗೆ ತುಂಬದಿರಲೆಂದು ಗುಯರ್-ಜೆಲರರು ಉಗಿಬಂಡಿಯನ್ನು ಬಿಟ್ಟು ವಿದ್ಯುತ್ತನ್ನು ಆರಿಸಿದರು. ಆ ಕಾಲಕ್ಕೆ ಅದು ಎದೆಗಾರಿಕೆಯ ಮಾತು. ಕೆಳಗಿನ ಹೊಳೆಯ ನೀರಿನಿಂದಲೇ ವಿದ್ಯುತ್ತು ತಯಾರಾಯಿತು. ಕಡಿದಾದ ಏರಿನಲ್ಲಿ ಬಂಡಿ ಹಿಂಜಾರದಂತೆ ಹಳಿಗಳ ನಡುವೆ ಹಲ್ಲುಪಟ್ಟಿ ಕೂರಿಸಿದರು. ನಮ್ಮ ನೀಲಗಿರಿಯಲ್ಲಿ ಮೇಟುಪಾಳ್ಯದಿಂದ ಕೂನೂರಿಗೆ ಏರುವ ರೈಲನ್ನು ನೋಡಿದವರಿಗೆ ಈ ಬಗೆಯ ಪಟ್ಟಿಯ ಪರಿಚಯವಿರುತ್ತದೆ. ಇನ್ನೊಂದು ಜಾಣತನವೂ ಗಮನಾರ್ಹ. ಪೂರ್ತಿ ದಾರಿ ಮುಗಿಯಲೆಂದು ಕಾಯದೆ, ಮುಗಿದಷ್ಟು ಭಾಗವನ್ನು ಪ್ರವಾಸಿಗರಿಗೆ ತೆರೆದು, ಆ ಆದಾಯವನ್ನು ಮುಂದಿನ ಭಾಗಕ್ಕೆ ಒದಗಿಸುವುದು ಅವರ ಲೆಕ್ಕಾಚಾರ. ಹಿಮನದಿಯ ಅಂಚಿನ ಮೊದಲ ನಿಲ್ದಾಣ 1898ರ ಸೆಪ್ಟೆಂಬರಿನಲ್ಲಿ ತೆರೆಯಿತು.

ಗುಯರ್-ಜೆಲರರು ಕಣ್ಣಾರೆ ಕಂಡದ್ದು ಅಷ್ಟೇ. 1899ರ ಫೆಬ್ರವರಿಯಲ್ಲಿ ಸುರಂಗದ ಸ್ಫೋಟದಲ್ಲಿ ಆರು ಮಂದಿ ಕಾರ್ಮಿಕರು ಸತ್ತರು. ಏಪ್ರಿಲ್ 3ರಂದು ಗುಯರ್-ಜೆಲರರೇ ತೀರಿಕೊಂಡರು. ಆಗ ಅವರಿಗೆ ಅರುವತ್ತೂ ತುಂಬಿರಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. 1903ರಲ್ಲಿ ಐಗರ್ ಗೋಡೆಯ ನಿಲ್ದಾಣ, 1905ರಲ್ಲಿ ಹಿಮಸಮುದ್ರ ಎಂಬ ಅರ್ಥದ ಐಸ್‌ಮೇರ್ ನಿಲ್ದಾಣ ತೆರೆದವು. ನಡುವೆ ಹಣ ಸಾಲದೆ ಕೆಲಸ ಕುಂಟಿತು. ಏಳು ವರ್ಷಗಳಲ್ಲಿ ಮುಗಿಯಬೇಕಿದ್ದದ್ದು ಹದಿನಾರು ವರ್ಷ ಹಿಡಿದು, 1912ರ ಆಗಸ್ಟ್ 1ರಂದು ಯುಂಗ್‌ಫ್ರೌಯೋಖ್ ತಲುಪಿತು. ಶಿಖರದ ತುದಿಯವರೆಗೆ ಹೋಗಬೇಕೆಂಬ ಮೂಲ ಯೋಜನೆಯನ್ನು ಕೈಬಿಡಬೇಕಾಯಿತು.

ಬಂಡೆ ಕೊರೆದವರಲ್ಲಿ ಹೆಚ್ಚಿನವರು ಇಟಲಿಯಿಂದ ಕೂಲಿಗೆಂದು ಬಂದವರು. ಚಳಿಗಾಲದಲ್ಲಿ ಹಿಮ ದಾರಿ ಮುಚ್ಚುವುದರಿಂದ ತಿಂಗಳುಗಟ್ಟಲೆ ಅಲ್ಲಿಯೇ ಇರಬೇಕಿತ್ತು. ಕೆಲಸ ಮುಗಿಯುವಷ್ಟರಲ್ಲಿ ಮೂವತ್ತು ಮಂದಿ ಪ್ರಾಣ ತೆತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಇಲ್ಲಿ ಕೈ ಕೆಸರು ಮಾಡಿಕೊಂಡವರೇ ಬೇರೆ, ಮೊಸರು ಉಂಡವರೇ ಬೇರೆ. ಗುಯರ್-ಜೆಲರರ ಹೆಸರು ಇತಿಹಾಸದಲ್ಲಿ ಉಳಿಯಿತು. ಆ ಮೂವತ್ತು ಮಂದಿಯ ಹೆಸರು ಕೇಳಿದವರು ವಿರಳ. ಕೆಲಸ ಹುಡುಕಿಕೊಂಡು ಪರಸ್ಥಳಕ್ಕೆ ಹೋದ ಮಕ್ಕಳಿರುವ ತಂದೆತಾಯಿಗಳಿಗೆ ಈ ಮಾತನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ಜಗತ್ತಿನ ತಾಪ ಏರುತ್ತಿರುವುದರಿಂದ ಆಲೆಚ್ ಹಿಮನದಿ ವರ್ಷವರ್ಷವೂ ಕುಗ್ಗುತ್ತಿದೆ. ಗುಯರ್-ಜೆಲರರು ಜನರಿಗೆ ತೋರಿಸಲು ಹೊರಟ ಹಿಮ ಮುಂದಿನ ತಲೆಮಾರಿಗೆ ಎಷ್ಟು ಉಳಿದೀತೆಂಬುದು ಚಿಂತೆಯ ವಿಷಯ. ವಿದ್ಯಾರ್ಥಿಗಳು ಅವರ ಜೀವನದಿಂದ ಕಲಿಯಬೇಕಾದದ್ದು ಸ್ಪಷ್ಟ: ತಾನು ಮುಗಿಸಲಾರದಷ್ಟು ದೊಡ್ಡ ಕೆಲಸಕ್ಕೂ ಕೈಹಾಕಬಹುದು, ಇತರರು ಮುಂದುವರಿಸುವಂತೆ ಅದನ್ನು ಸರಿಯಾಗಿ ಆರಂಭಿಸಿದರೆ ಸಾಕು. ಆದರೆ ರೈಲಿನಲ್ಲಿ ಕುಳಿತಾಗ ಹಳಿ ಹಾಸಿದ ಕೈಗಳನ್ನೂ ಒಮ್ಮೆ ನೆನೆಯಬೇಕೆಂಬುದು ನಮ್ಮ ಆಸೆ.